ಅರಿಶಿನಗೋಡೆಯ ಆಚೆ

ಗದಗ
ಫೆಬ್ರವರಿ ೩೦, ೨೨೧೪. ಬಿಸಿಲು ಇನ್ನೂ ಇಳಿದಿಲ್ಲ.

ಹಸಿರು ಸೀರೆಯ ಅಕ್ಕನವರಿಗೆ,

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ನಿಮ್ಮ ನಂತರ ಬಂದವರು ಎಲ್ಲ ತಿಂಗಳಿಗೂ ಸಮನಾಗಿ ಮೂವತ್ತು ದಿನ ಹಂಚಿ, ಮಿಕ್ಕ ದಿನಗಳನ್ನು ವರ್ಷದ ಕೊನೆಯಲ್ಲಿ ಹಬ್ಬಕ್ಕೆ ಬಿಟ್ಟರು. ನಿಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತಿತ್ತಂತೆ. ನಮ್ಮಲ್ಲಿ ಓಡಿಹೋಗುವುದಕ್ಕೆ ಅದು ಬರುವುದೇ ಇಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಾವು ಆಡುವ ಕನ್ನಡ ನಿಮ್ಮದರಿಂದ ಬಹಳ ದೂರ ಸರಿದಿದೆ. ಕಸುಬಿಗಾಗಿ ನಿಮ್ಮ ಅಚ್ಚಿನ ಕನ್ನಡವನ್ನು ಕಲಿತವಳು ನಾನು. ಇಲ್ಲಿಯ ಜನ ಆಡಿದ್ದನ್ನು ನಿಮ್ಮ ಕಾಲದ ಗದಗಿನ ಮಾತಿಗೆ ತಿರುಗಿಸಿ ಬರೆಯುತ್ತೇನೆ.

ಇನ್ನು ನಿಮ್ಮನ್ನು ಏನೆಂದು ಕರೆಯುವುದು? ಲೆಕ್ಕ ಹಾಕಿದರೆ ನೀವು ನನ್ನ ಮುತ್ತಜ್ಜಿಗೂ ಅಜ್ಜಿಯಾಗಬೇಕು. ಪಟದಲ್ಲಿ ಮಾತ್ರ ನನ್ನ ಮಗಳ ಓರಗೆಯವರು. ಹೆಸರು ಗೊತ್ತಿಲ್ಲದ ಹೆಂಗಸನ್ನು ಅಕ್ಕ ಎನ್ನುವ ರೂಢಿ ನಮ್ಮ ಕಡೆ ಇನ್ನೂ ಉಳಿದಿದೆ. ಅದನ್ನೇ ಇಟ್ಟುಕೊಳ್ಳುತ್ತೇನೆ.

ವಿಷಯಕ್ಕೆ ಬರುತ್ತೇನೆ, ಹೊತ್ತಿಲ್ಲ. ಯಾರದೋ ಮದುವೆಯ ದಿನ ಫೋನನ್ನು ಕೈಚಾಚಿ ಹಿಡಿದು ನಗುತ್ತ ನಿಂತಿದ್ದೀರಲ್ಲ, ಆ ಕಲ್ಯಾಣ ಮಂಟಪದ ನೆಲಮಾಳಿಗೆಯ ಊಟದ ಮನೆಯಲ್ಲಿ ನನ್ನ ಮಗಳು ಕಸ್ತೂರಿ ಸಿಕ್ಕಿಬಿದ್ದಿದ್ದಾಳೆ. ಅವಳ ಜೊತೆ ನಮ್ಮ ಓಣಿಯ ಅರ್ಧ ಜನ ಇದ್ದಾರೆ. ಇವತ್ತು ಮಧ್ಯಾಹ್ನ ಮೇಲಿನ ಎರಡು ಮಹಡಿಗಳು ಕುಸಿದು ಬಾಗಿಲನ್ನು ಮುಚ್ಚಿಬಿಟ್ಟಿವೆ. ಅಡುಗೆಯವರು ಆ ಊಟದ ಮನೆಗೆ ಇಳಿದು ಬರುತ್ತಿದ್ದ ಹಿಂದಿನ ಮೆಟ್ಟಿಲು ಪೂರ್ವಕ್ಕಿತ್ತೋ ಪಶ್ಚಿಮಕ್ಕಿತ್ತೋ ಎಂಬುದನ್ನು ನಾನು ಹೇಳಬೇಕು. ತಪ್ಪು ಹೇಳಿದರೆ ಉಳಿದ ಚಾವಣಿಯೂ ಅವರ ಮೇಲೆ ಬೀಳುತ್ತದೆ.

ಮದುವೆಯಿಲ್ಲದ ದಿನ ಅಷ್ಟು ಜನ ಅಲ್ಲೇಕಿದ್ದರು ಎಂದು ಕೇಳುತ್ತೀರೇನೋ. ನಮ್ಮಲ್ಲಿ ಊಟದ ಹೊತ್ತಿನಿಂದ ಬಿಸಿಲು ಬಾಗುವ ತನಕ ಹೊರಗೆ ಇರುವಂತಿಲ್ಲ. ಅದನ್ನು ಉರಿಹೊತ್ತು ಎನ್ನುತ್ತೇವೆ. ಆಗ ಓಣಿಗೆ ಓಣಿಯೇ ಎದ್ದು ನೆಲದೊಳಗಿನ ತಂಪುಮನೆಗೆ ಇಳಿಯುತ್ತದೆ. ನಿಮ್ಮ ಕಾಲದವರು ಅಗೆದ ನೆಲಮಾಳಿಗೆಗಳೇ ನಮಗೆ ತಂಪುಮನೆಗಳು. ವಾಹನ ನಿಲ್ಲಿಸಲು, ಊಟ ಬಡಿಸಲು ಎಂದು ನೀವು ಮಾಡಿದ್ದು ನಮ್ಮ ಜೀವ ಉಳಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಚಾಪೆ, ಒಂದು ತಂಬಿಗೆ ನೀರು. ಮುದುಕರು ಚೌಕಾಬಾರ ಆಡುತ್ತಾರೆ, ಆಡುವುದಕ್ಕಿಂತ ಜಗಳವೇ ಹೆಚ್ಚು. ಗೋಡೆಯ ಪಕ್ಕದ ತಂಪು ಜಾಗಕ್ಕೆ ಅತ್ತೆ ಸೊಸೆಯರ ನಡುವೆ ನಡೆಯುವ ಯುದ್ಧವನ್ನು ನೀವು ನೋಡಬೇಕು. ಪ್ರತಿ ತಂಪುಮನೆಗೂ ಒಬ್ಬಳು ಕಾವಲುಗಿತ್ತಿ ಇರುತ್ತಾಳೆ. ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಗಾಳಿ ನೋಡುವುದು, ಎಲ್ಲರೂ ಹೊರಬಂದ ಮೇಲೆ ಕೊನೆಗೆ ತಾನು ಬರುವುದು ಅವಳ ಧರ್ಮ. ಈ ಮಂಟಪದ ಕಾವಲುಗಿತ್ತಿ ನನ್ನ ಮಗಳು. ಆ ಕೆಲಸ ಬೇಡ ಎಂದು ನಾನು ಹೇಳಿದ್ದೆ. ಅವಳು ನನ್ನ ಮಾತು ಕೇಳಿದ್ದು ತೊಟ್ಟಿಲಲ್ಲಿದ್ದಾಗ ಮಾತ್ರ.

ಒಳಗಿನವರು ಬದುಕಿದ್ದಾರೆ. ಒಂದು ಹಳೆಯ ನೀರಿನ ಪೈಪು ನೆಲದಿಂದ ಮೇಲಕ್ಕೆ ಚಾಚಿದೆ, ಅದನ್ನು ಯಾರೋ ಕೆಳಗಿನಿಂದ ಬಡಿಯುತ್ತಿದ್ದಾರೆ. ಮೂರು ಬಡಿತ, ಸ್ವಲ್ಪ ಬಿಡುವು, ಮತ್ತೆ ಮೂರು. ಅದು ಕಸ್ತೂರಿಯೇ. ಚಿಕ್ಕವಳಿದ್ದಾಗ ಬಚ್ಚಲ ಬಾಗಿಲನ್ನೂ ಹೀಗೇ ಬಡಿಯುತ್ತಿದ್ದಳು. ನಾನು ಕೂತಿರುವ ಗುಡಾರಕ್ಕೆ ಆ ಸದ್ದು ಕೇಳುತ್ತದೆ. ಬಿಡುವು ಮೊದಲಿಗಿಂತ ಈಗ ಉದ್ದವಾಗುತ್ತಿದೆ, ಅದನ್ನು ಕೇಳುತ್ತ ನಾನು ಬರೆಯುತ್ತಿದ್ದೇನೆ.

ನನ್ನ ಕಸುಬನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಮರುಮನೆ ಕಟ್ಟುವವಳು. ನಿಮ್ಮ ಕಾಲದ ಜನ ತೆಗೆದುಬಿಟ್ಟ ಫೋಟೊಗಳು ಕೋಟಿಗಟ್ಟಲೆ ನಮ್ಮ ಬಳಿ ಉಳಿದಿವೆ. ಬಿದ್ದುಹೋದ, ಮುಳುಗಿಹೋದ, ಅಥವಾ ಹೀಗೆ ಅರ್ಧ ನಿಂತ ಒಂದು ಕಟ್ಟಡದ ಪಟಗಳನ್ನು ಯಂತ್ರಕ್ಕೆ ಕೊಟ್ಟರೆ, ಅದು ಗೋಡೆ, ಕಂಬ, ಬಾಗಿಲು, ಮೆಟ್ಟಿಲುಗಳನ್ನು ಒಂದೊಂದಾಗಿ ಗುರುತಿಸಿ, ಗಾಳಿಯಲ್ಲಿ ಬೆಳಕಿನಿಂದ ಆ ಮನೆಯನ್ನು ಮತ್ತೆ ಕಟ್ಟಿ ನಿಲ್ಲಿಸುತ್ತದೆ. ಅದು ಬರೀ ಚಿತ್ರವಲ್ಲ. ಬಾಗಿಲನ್ನು ಬೆರಳಲ್ಲಿ ಹಿಡಿದು ಆಚೆ ಸರಿಸಬಹುದು, ಒಂದು ಕಂಬ ಕಿತ್ತು ಭಾರ ಎಲ್ಲಿಗೆ ಹೋಗುತ್ತದೆಂದು ನೋಡಬಹುದು, ಬೇಡವಾದರೆ ಮತ್ತೆ ಮೊದಲಿನಂತೆ ಇಡಬಹುದು. ಹೀಗೆ ತಿದ್ದಲು ಬರುವುದೇ ಇದರ ಗುಣ, ಇದೇ ಇದರ ದೋಷ. ಮುತ್ತಜ್ಜನ ಎರಡು ಅಂಕಣದ ಮನೆಗೆ ಮರುಮನೆಯಲ್ಲಿ ಮೂರು ಮಹಡಿ ಏರಿಸಿ, ಬೀಗರಿಗೆ ತೋರಿಸಿ, ಹೆಣ್ಣು ತಂದವರು ನಮ್ಮ ಊರಲ್ಲೇ ಇದ್ದಾರೆ. ಆದ್ದರಿಂದ ಕಸುಬಿನವರಿಗೆ ಒಂದು ಕಟ್ಟಳೆ ಇದೆ. ಪಟದಲ್ಲಿ ಕಂಡದ್ದಕ್ಕೆ ಬಿಳಿ ಬಣ್ಣ. ಪಟದಲ್ಲಿ ಕಾಣದೆ ಊಹಿಸಿ ಕಟ್ಟಿದ್ದಕ್ಕೆ ಅರಿಶಿನದ ಬಣ್ಣ. ಅರಿಶಿನಗೋಡೆಯನ್ನು ನಂಬಿ ಯಾರೂ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ.

ಯಂತ್ರ ಕೆಲಸ ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಪಟದಲ್ಲಿರುವ ಮಸುಕಾದ, ಹರಿದ ಬರಹಗಳನ್ನು ತಿದ್ದಿ ಓದುವಂತೆ ಮಾಡುತ್ತದೆ, ಏಕೆಂದರೆ ಬೋರ್ಡು ಓದಲು ಬಂದರೆ ಕಟ್ಟಡ ಯಾವುದೆಂದು ತಿಳಿಯುತ್ತದೆ. ಆಮೇಲೆ ಪಟ ನೆಟ್ಟಗಿದೆಯೋ ಸೊಟ್ಟಗಿದೆಯೋ ಪರೀಕ್ಷಿಸುತ್ತದೆ. ಕಡೆಯಲ್ಲಿ ಜನರನ್ನು ಅಳಿಸುತ್ತದೆ. ಬೇಸರ ಪಡಬೇಡಿ ಅಕ್ಕ, ನಮಗೆ ಬೇಕಾದದ್ದು ಗೋಡೆ. ನೀವೆಲ್ಲ ಗೋಡೆಗೆ ಅಡ್ಡ. ನಿಮ್ಮ ಕಾಲದವರು ಯಾವ ಗೋಡೆಯ ಪಟವನ್ನೂ ಮುಂದೆ ಒಬ್ಬರನ್ನು ನಿಲ್ಲಿಸದೆ ತೆಗೆದವರಲ್ಲ. ಇಷ್ಟು ವರ್ಷಗಳಲ್ಲಿ ನಾನು ಸಾವಿರಾರು ಜನರನ್ನು ಅಳಿಸಿದ್ದೇನೆ, ಒಬ್ಬರ ಮುಖವನ್ನೂ ನಿಂತು ನೋಡಿದವಳಲ್ಲ.

ಈ ಮಂಟಪದ ಮೇಲಿನ ಸಭಾಂಗಣಕ್ಕೆ ಫೋಟೊಗ್ರಾಫರುಗಳು ತೆಗೆದ ಪಟಗಳು ರಾಶಿಯಿವೆ. ನೆಲಮಾಳಿಗೆಗೆ ಕ್ಯಾಮೆರಾ ಹಿಡಿದು ಇಳಿದವರು ಯಾರೂ ಇಲ್ಲ. ಇಳಿದವರು ನೀವೊಬ್ಬರೇ. ನಿಮ್ಮ ಒಂದೇ ಫೋನಿನಿಂದ ಬಂದ ಏಳೆಂಟು ಪಟಗಳು, ಎಲ್ಲದರಲ್ಲೂ ನಿಮ್ಮ ಮುಖವೇ ಮುಕ್ಕಾಲು ಪಾಲು. ಮುಂಬಾಗಿಲು ಉತ್ತರದ ಗೋಡೆಯ ನಟ್ಟನಡುವೆ ಇದೆ, ನಾವು ಇವತ್ತಿಗೂ ಇಳಿಯುತ್ತಿದ್ದುದು ಅಲ್ಲಿಂದಲೇ. ನೀವು ಆ ಬಾಗಿಲಿಗೆ ಮುಖ ಮಾಡಿ, ಊಟದ ಮನೆಗೆ ಬೆನ್ನು ಮಾಡಿ ನಿಂತಿದ್ದೀರಿ. ನಿಮ್ಮ ಭುಜದ ಆಚೆ, ದೂರದ ದಕ್ಷಿಣದ ಮೂಲೆಯಲ್ಲಿ, ಪಟದ ಎಡಬದಿಗೆ, ಒಂದು ಬಾಗಿಲ ಚೌಕಟ್ಟು ಅರ್ಧ ಕಾಣುತ್ತದೆ. ಅಲ್ಲಿಂದ ಒಬ್ಬ ಬಕೆಟ್ಟು ಹಿಡಿದು ಇಳಿಯುತ್ತಿದ್ದಾನೆ. ಮೇಲಿದ್ದ ಅಡುಗೆಮನೆಯನ್ನು ಕೆಡವಿದಾಗ ಆ ಮೆಟ್ಟಿಲ ಗುಂಡಿಗೆ ಇಟ್ಟಿಗೆ ಮಣ್ಣು ತುಂಬಿ ಒಳಗಿನಿಂದ ಗಾರೆ ಬಳಿದುಬಿಟ್ಟಿರಬೇಕು, ಹಾಗೆ ಮುಚ್ಚುವುದು ಆಗಿನ ರೂಢಿ. ಹಾಗೊಂದು ಮೆಟ್ಟಿಲಿತ್ತು ಎಂಬುದೇ ನಮ್ಮ ಓಣಿಯಲ್ಲಿ ಯಾರಿಗೂ ನೆನಪಿಲ್ಲ. ನಿಮ್ಮ ಪಟ ನೋಡಿದ ಮೇಲೆ ತಿಳಿದದ್ದು.

ಆ ಗುಂಡಿಯ ಮೇಲೆ ಮಾತ್ರ ಕಾಂಕ್ರೀಟಿನ ಚಾವಣಿಯಿಲ್ಲ. ಅಲ್ಲಿ ಕೊರೆದರೆ ಮಣ್ಣು ಇಟ್ಟಿಗೆ ಬರುತ್ತದೆ, ದಾರಿಯಾಗುತ್ತದೆ. ಬೇರೆ ಎಲ್ಲಿ ಕೊರೆದರೂ ಅವಶೇಷದ ಭಾರ ಹೊತ್ತ ಚಾವಣಿಗೆ ಗಾಯವಾಗುತ್ತದೆ. ಕಬ್ಬಿಣದ ಸರಳುಗಳ ರಾಶಿ ಬಿದ್ದಿರುವುದರಿಂದ ನೆಲದೊಳಗೆ ನೋಡುವ ಯಂತ್ರಗಳು ಇಲ್ಲಿ ಕುರುಡು. ಹೀಗಾಗಿ ಎಲ್ಲರೂ ಕಣ್ಣು ನೆಟ್ಟಿರುವುದು ನನ್ನ ಮರುಮನೆಯ ಮೇಲೆ. ಅದು ಮೆಟ್ಟಿಲನ್ನು ಪೂರ್ವಕ್ಕೆ ತೋರಿಸುತ್ತಿದೆ. ದಕ್ಷಿಣಕ್ಕೆ ನೋಡಿ ನಿಂತವರ ಎಡಗೈ ಪೂರ್ವ ತಾನೆ? ಆದರೂ ಚೌಕಟ್ಟು ಅರ್ಧವೇ ಕಂಡಿದೆ, ಮೆಟ್ಟಿಲು ಕಂಡೇ ಇಲ್ಲ. ಆದ್ದರಿಂದ ಅದು ಅರಿಶಿನ.

ನನ್ನ ಜೊತೆ ಕೆಲಸ ಮಾಡುವ ಜಿನ್ನಪ್ಪನಿಗೆ ಸಂಶಯವೇ ಇಲ್ಲ. ಹಳೆಯ ಕಾಲದ ಉಡುಗೆ ತೊಡುಗೆ, ಕಟ್ಟಡದ ರೂಢಿಗಳನ್ನು ಓದಿದವನು ಅವನು.

“ಆಗ್ನೇಯ ಅಂದ್ರ ಅಗ್ನಿಮೂಲಿ. ಅಗ್ನಿಮೂಲಿ ಬಿಟ್ಟು ಒಲಿ ಹೂಡೋರು ಆ ಕಾಲದಾಗ ಯಾರಿದ್ರವ್ವಾ? ವಾಸ್ತು ಅಂದ್ರ ಪ್ರಾಣ ಬಿಡ್ತಿದ್ರು. ಅಡಗಿಮನಿ ಅಲ್ಲೇ, ಮೆಟ್ಟಲಾನೂ ಅಲ್ಲೇ,” ಎಂದ.

ಅದು ಸರಿಯಾದ ಮಾತು. ನಿಮ್ಮ ಕಾಲದ ನೂರು ಅಡುಗೆಮನೆಗಳನ್ನು ಕಟ್ಟಿದ್ದೇನೆ, ತೊಂಬತ್ತು ಆ ಮೂಲೆಯಲ್ಲೇ ಇದ್ದವು.

ಅರಿಶಿನವನ್ನು ಬಿಳಿ ಮಾಡುವ ಅಧಿಕಾರ ಮರುಮನೆ ಕಟ್ಟಿದವಳದು. ಮಾಡುವ ಮುನ್ನ ಒಂದು ಓಲೆ ಬರೆಯಬೇಕು, ಪಟದಲ್ಲಿರುವ ಒಬ್ಬರ ಹೆಸರಿಗೆ, ಕೈಯಿಂದ, ಕಾಗದದ ಮೇಲೆ. ಆ ಮನೆಯನ್ನು ಕಣ್ಣಾರೆ ಕಂಡ ಸಾಕ್ಷಿಯನ್ನು ಕೇಳಿದ ಹಾಗೆ ಕೇಳಬೇಕು. ಬರೆದದ್ದನ್ನು ಹರಿಯಬಾರದು, ಮರುಮನೆಯ ಜೊತೆಗೇ ಇಡಬೇಕು. ಸತ್ತವರು ಉತ್ತರ ಕೊಡುವುದಿಲ್ಲ, ಆದರೆ ಕೇಳುವವರ ಕಣ್ಣು ತೆರೆದಿರುತ್ತದೆ ಎಂಬುದು ಕಟ್ಟಳೆ ಮಾಡಿದ ಹಿರಿಯರ ವಾದ. ನಾನು ಈ ವಾದವನ್ನು ಎಂದೂ ನಂಬಿದವಳಲ್ಲ. ಎರಡು ಸಾಲು ಗೀಚಿ ಕೈತೊಳೆದುಕೊಳ್ಳುವುದೇ ನನ್ನ ಪದ್ಧತಿ. ಇವತ್ತು ಮಾತ್ರ ಪೆನ್ನು ಕೆಳಗಿಡಲು ಧೈರ್ಯ ಬರುತ್ತಿಲ್ಲ. ಒಳಗಿರುವವಳು ನನ್ನ ಮಗಳು. ಪೂರ್ವ ಎಂದು ಒಪ್ಪಿ ಸಹಿ ಹಾಕುವ ಕೈ ನನ್ನದು.

ಕೊರೆಯುವ ಪಡೆಯ ಮುಖ್ಯಸ್ಥ ಮೌಲಾಸಾಬ ನದಾಫ ಈಗಷ್ಟೇ ಗುಡಾರದೊಳಗೆ ಬಂದು ಹೋದ. ಒಳ್ಳೆಯ ಮನುಷ್ಯ, ನನ್ನ ತಲೆಗೆ ಒದ್ದೆ ಬಟ್ಟೆ ತಂದುಕೊಟ್ಟ. ಮಾತು ಮಾತ್ರ ಗಾಯಕ್ಕೆ ಸುಣ್ಣ ಸವರಿದ ಹಾಗೆ.

“ಫಕ್ಕೀರವ್ವಾರ, ಸತ್ತು ಮಣ್ಣಾದೋರಿಗೆ ಪತ್ರ ಬರಕೋತ ಕುಂತ್ರ ಒಳಗಿನೋರು ಸಾಯ್ತಾರ್ರಿ. ಗಾಳಿ ಕಮ್ಮಿ ಆಗಾಕತ್ತೈತಿ. ಲಗೂನ ಒಪ್ಪಿಗಿ ಕೊಡ್ರಿ. ನಾ ಪೂರ್ವದ ಕಡೆ ಮಷಿನ್ ನಿಂದರಸೇನಿ.”

ಬಿಸಿಲು ಬಾಗಿದ ಕೂಡಲೇ ಶುರು ಮಾಡುತ್ತಾನಂತೆ. ಅದಕ್ಕೂ ಮೊದಲು ಹೂಡಿದರೆ ಕೊರೆಯುವ ಯಂತ್ರವೇ ಬಿಸಿಲಿಗೆ ಕಾದು ನಿಂತುಬಿಡುತ್ತದೆ.

ಆದ್ದರಿಂದ ಬೇಗ ಕೇಳುತ್ತೇನೆ. ಅಕ್ಕ, ಆ ಬಕೆಟ್ಟಿನವನು ಇಳಿದು ಬಂದದ್ದು ನಿಮ್ಮ ಯಾವ ಕೈಯ ಕಡೆಯಿಂದ?

ಕಟ್ಟಳೆಯ ಪ್ರಕಾರ ನಾನು ಕಂಡದ್ದನ್ನೆಲ್ಲ ನಿಮಗೆ ವಿವರಿಸಬೇಕು. ಜನರನ್ನು ಅಳಿಸುವ ಮೊದಲಿನ ಪಟವನ್ನು ಮುಂದೆ ತೆರೆದಿಟ್ಟಿದ್ದೇನೆ. ನಿಮ್ಮದು ಗಿಳಿಹಸಿರು ಸೀರೆ, ಕೆಂಪು ಅಂಚು. ಸೆರಗು ಬಲ ಹೆಗಲ ಮೇಲಿದೆ. ಇದನ್ನು ಆಗಿನಿಂದ ಗಮನಿಸಿದ್ದೇನೆ, ಜಿನ್ನಪ್ಪನನ್ನೂ ಕೇಳಿದೆ. ನಮ್ಮ ಸೀಮೆಯಲ್ಲಿ ಬಲಸೆರಗು ಹಾಕುವ ಮನೆತನಗಳು ಬೇಕಾದಷ್ಟಿದ್ದವು ಎಂದ. ಇರಬಹುದು. ಮೂಗುತಿ ಇದೆ, ಮುಡಿಯಲ್ಲಿ ಮಲ್ಲಿಗೆ ಇದೆ. ಹಲ್ಲಿನ ನಡುವೆ ಎಲೆಯಡಿಕೆಯ ಕೆಂಪು. ಹಾಗಾದರೆ ನಿಮ್ಮ ಊಟ ಆಗಿತ್ತು. ಬೆನ್ನ ಹಿಂದೆ ಉದ್ದುದ್ದ ಟೇಬಲ್ಲುಗಳಲ್ಲಿ ಪಂಕ್ತಿ ಕೂತಿದೆ. ಬಾಳೆಯೆಲೆಯ ಮೇಲೆ ರೊಟ್ಟಿ, ಎಣ್ಣೆಗಾಯಿ, ಮತ್ತೊಂದು ಕಂದುಬಣ್ಣದ ಸಿಹಿ, ಅದು ಗೋಧಿಹುಗ್ಗಿಯೇ ಇರಬೇಕು. ನಾನು ಹುಗ್ಗಿಯನ್ನು ಕೇಳಿ ಬಲ್ಲೆ, ಉಂಡು ಗೊತ್ತಿಲ್ಲ. ಜೋಳ ಒಂದು ನಮ್ಮ ಕೈಬಿಟ್ಟಿಲ್ಲ, ಗೋಧಿ ಎಂದೋ ಉತ್ತರಕ್ಕೆ ಹೋಯಿತು. ನಿಮ್ಮ ಎಡಗಡೆ ಒಬ್ಬ ಮುದುಕ ನೀರಿನ ಲೋಟ ಎತ್ತಿದ್ದಾನೆ. ಅಷ್ಟೊಂದು ನೀರು, ಅರ್ಧ ಕುಡಿದು ಬಿಟ್ಟ ಲೋಟಗಳು ಸಾಲಾಗಿ ನಿಂತಿವೆ. ಅದನ್ನು ನೋಡಿದರೆ ನಮಗೆ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ನಾವು ಊಟ ಮಾಡುವುದನ್ನು ನೋಡಿದರೆ ನೀವು ನಗುತ್ತೀರಿ. ಬಟ್ಟಲು, ಚಮಚ. ಕೈ ತೊಳೆಯಲು ನೀರು ಕೊಡುವುದಿಲ್ಲವಾದ್ದರಿಂದ ಕೈಯಿಂದ ಉಣ್ಣುವುದು ನಿಂತು ಎರಡು ತಲೆಮಾರಾಯಿತು. ನನ್ನ ಅಜ್ಜಿಗೆ ಮಾತ್ರ ಹಳೆಯ ಶಿಸ್ತು ಬಿಟ್ಟಿರಲಿಲ್ಲ. ನಾನು ಎಡಗೈಯಲ್ಲಿ ಚಮಚ ಹಿಡಿದರೆ ಮಣಿಕಟ್ಟಿಗೆ ಪಟ್ಟನೆ ಬಡಿಯುತ್ತಿದ್ದಳು. ಎಡಗೈ ಉಣ್ಣೂ ಕೈ ಅಲ್ಲವ್ವಾ, ಹೆಣದ ಮನ್ಯಾಗೂ ಯಾರೂ ಎಡಗೈಲೆ ಉಣ್ಣೂದಿಲ್ಲ, ಎನ್ನುತ್ತಿದ್ದಳು. ನಿಮ್ಮ ಕಾಲದವರು ಎಷ್ಟು ದೊಡ್ಡ ಪಂಕ್ತಿಯಲ್ಲಿ ಕೂತರೂ ಬಲಗೈಯಲ್ಲೇ ತುತ್ತು ಕಲಸಿ, ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಿರಂತೆ. ಈ ಪಟದಲ್ಲೂ

ಅಕ್ಕ, ಈ ಪಟದಲ್ಲಿ ಎಲ್ಲರೂ ಎಡಗೈಯಲ್ಲಿ ಉಣ್ಣುತ್ತಿದ್ದಾರೆ.

ಒಬ್ಬರಲ್ಲ, ಇಡೀ ಪಂಕ್ತಿ. ನೀರು ಕುಡಿಯುವ ಮುದುಕ ಲೋಟವನ್ನು ಬಲಗೈಯಲ್ಲಿ ಹಿಡಿದಿದ್ದಾನೆ, ಎಡಗೈ ಎಂಜಲು. ಗಂಡಸರ ಅಂಗಿಯ ಜೇಬು ಬಲಕ್ಕಿದೆ. ಸೆರಗು, ಎಲ್ಲ ಹೆಂಗಸರ ಸೆರಗು, ಬಲಕ್ಕಿದೆ. ಅಯ್ಯೋ, ನಾನು ಎಂಥ ಕುರುಡಿ.

ಏಳುತ್ತೇನೆ. ಕಾಗದ ಇಲ್ಲೇ ಇರಲಿ.

*

ಅದೇ ದಿನ, ಸಂಜೆ.

ಕಟ್ಟಳೆಯಂತೆ ಮೇಲಿನದನ್ನು ಹರಿದಿಲ್ಲ. ನಡೆದದ್ದನ್ನು ಹೇಳಿ ಮುಗಿಸುತ್ತೇನೆ, ಅದು ನಿಮಗೆ ಸಲ್ಲಬೇಕು.

ನಿಮ್ಮ ಫೋನುಗಳಿಗೆ ಎರಡು ಕಡೆ ಕಣ್ಣಿತ್ತು. ಬೆನ್ನಿನ ಕಣ್ಣು ಇದ್ದದ್ದನ್ನು ಇದ್ದಂತೆ ತೆಗೆಯುತ್ತಿತ್ತು. ಮುಖದ ಕಣ್ಣು, ನಿಮ್ಮನ್ನು ನೀವೇ ತೆಗೆದುಕೊಳ್ಳುವ ಕಣ್ಣು, ಕನ್ನಡಿಯಂತೆ ಎಡವನ್ನು ಬಲ ಮಾಡಿ ತೋರಿಸುತ್ತಿತ್ತು, ಕೆಲವು ಫೋನುಗಳು ಪಟವನ್ನೂ ಹಾಗೆಯೇ ಇಟ್ಟುಕೊಳ್ಳುತ್ತಿದ್ದವು. ನಮ್ಮ ಕಸುಬಿನಲ್ಲಿ ಇದು ಗೊತ್ತಿಲ್ಲದ ಸಂಗತಿಯಲ್ಲ, ಕನ್ನಡಿಪಟ ಎಂದೇ ಕರೆಯುತ್ತೇವೆ. ಯಂತ್ರ ಅದನ್ನು ಹಿಡಿಯುವುದು ಬರಹ ನೋಡಿ: ಅಕ್ಷರ ತಿರುಗುಮುರುಗಾಗಿದ್ದರೆ ಕನ್ನಡಿಪಟ. ಆದರೆ ಯಂತ್ರ ಮೊದಲು ಬರಹ ತಿದ್ದುತ್ತದೆ, ಆಮೇಲೆ ಪರೀಕ್ಷಿಸುತ್ತದೆ ಎಂದು ನಾನೇ ಮೇಲೆ ಬರೆದಿದ್ದೇನಲ್ಲ. ತಿರುಗಿದ ಅಕ್ಷರಗಳನ್ನು ಅದು ಹಾಳಾದ ಅಕ್ಷರಗಳೆಂದು ತಿಳಿದು ನೆಟ್ಟಗೆ ಬರೆಯಿತು. ಆಮೇಲೆ ತಾನೇ ಬರೆದದ್ದನ್ನು ನೋಡಿ ಎಲ್ಲ ನೆಟ್ಟಗಿದೆ ಎಂದಿತು. ನಾನು ತಿದ್ದುಪಡಿ ತೆಗೆದು ಮೂಲ ಪಟ ತೆರೆದೆ. ನಿಮ್ಮ ಹಿಂದಿನ ಗೋಡೆಯಲ್ಲಿ ‘ಕೈ ತೊಳೆಯುವ ಸ್ಥಳ’ ಎಂಬುದು ಬಾಲದಿಂದ ತಲೆಗೆ ಬರೆದಂತೆ ತಿರುಗಿ ನಿಂತಿತ್ತು. ತಪ್ಪಾದ ಮೂಲೆ ವಾಸ್ತುವಿಗೆ ಸರಿಹೋಗಿದ್ದರಿಂದ ನಮ್ಮಲ್ಲಿ ಯಾರೂ ಅನುಮಾನಿಸಲಿಲ್ಲ.

ಮರುಮನೆಯನ್ನು ಮಗ್ಗುಲು ಬದಲಾಯಿಸಿ ನಿಲ್ಲಿಸಿದೆ, ಮೆಟ್ಟಿಲು ಪಶ್ಚಿಮಕ್ಕೆ ಬಂತು. ಆಮೇಲೆ ಮೌಲಾಸಾಬನ ಯಂತ್ರ ನಿಂತ ಪೂರ್ವದ ಜಾಗದಲ್ಲಿ ಬೆರಳಿನಿಂದ ಒಂದು ತೂತು ಕೊರೆದು ನೋಡಿದೆ. ಚಾವಣಿ ಒಂದು ಕ್ಷಣ ತಡೆಯಿತು. ನಂತರ ಇಡೀ ಊಟದ ಮನೆಯ ಮೇಲೆ ಕೂತುಬಿಟ್ಟಿತು. ಮರುಮನೆಯಲ್ಲಿ ಜನ ಇರುವುದಿಲ್ಲ, ಬಿದ್ದದ್ದು ಬರೀ ಬೆಳಕು. ನನಗೆ ಹಾಗೆ ಕಾಣಲಿಲ್ಲ.

ಹೊರಗೆ ಓಡಿದೆ. ಬಿಸಿಲು ಬಾಗಿತ್ತು. ಒಪ್ಪಿಗೆಗೆ ಕಾಯದೆ ಮೌಲಾಸಾಬ ಪೂರ್ವದ ನೆಲದ ಮೇಲೆ ಗುರುತು ಹಾಕಿಸಿ ಯಂತ್ರಕ್ಕೆ ಜೀವ ಕೊಟ್ಟಿದ್ದ. ಮೊನೆ ಇನ್ನೂ ನೆಲ ಮುಟ್ಟಿರಲಿಲ್ಲ. ನಾನು ಹೋಗಿ ಆ ಗುರುತಿನ ಮೇಲೆ ನಿಂತೆ.

“ಇಲ್ಲಿ ಅಲ್ಲ. ಪಶ್ಚಿಮಕ್ಕ ನಡೀರಿ.”

ಅವನು ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದ. ಸಿಟ್ಟಿಗಿಂತ ಕನಿಕರ ಹೆಚ್ಚಿತ್ತು ಆ ನೋಟದಲ್ಲಿ. ಅದಕ್ಕೇ ನನಗೆ ಭಯವಾಯಿತು.

“ಯವ್ವಾ, ಮಗಳು ಒಳಗದಾಳ. ನಿಮ್ಮ ತಲಿ ಠಿಕಾಣಿಗೆ ಇಲ್ಲ. ಆವಾಗಿಂದ ಎಲ್ಲಾರೂ ಪೂರ್ವ ಅಂದ್ರಿ. ಯಂತ್ರಾನೂ ಪೂರ್ವ ಅಂತು, ಜಿನ್ನಪ್ಪನೂ ಪೂರ್ವ ಅಂದ. ಈಗ ಏಕಾಏಕಿ ಪಶ್ಚಿಮ ಅಂದ್ರ ನಾ ಯಾರ ಮಾತು ಕೇಳ್ಳಿ?”

ಜಿನ್ನಪ್ಪ ಬಂದು ನನ್ನ ತೋಳು ಹಿಡಿದ. ಕನ್ನಡಿಪಟ, ಅಕ್ಷರ, ಯಂತ್ರದ ಕ್ರಮ ಎಂದು ವಿವರಿಸಲು ಹೊರಟರೆ ಕತ್ತಲಾಗುತ್ತಿತ್ತು. ಪೈಪಿನ ಬಡಿತ ಎರಡಕ್ಕೆ ಇಳಿದಿತ್ತು. ನಿಮ್ಮ ಪಟವನ್ನು ಮೌಲಾಸಾಬನ ಕಣ್ಣಿಗೆ ಹಿಡಿದೆ.

“ನಿಮ್ಮ ಮನ್ಯಾಗ ಮುತ್ಯಾ ಇದ್ರಲ್ಲ, ಅವರು ಕೈಲೆ ಉಣ್ಣೂದು ನೋಡೀರೇನು?”

“ನೋಡೇನಿ.”

“ಯಾವ ಕೈಲೆ?”

ಅವನು ತನ್ನ ಬಲಗೈಯ ಐದು ಬೆರಳು ಕೂಡಿಸಿ ತುತ್ತು ಎತ್ತುವ ಹಾಗೆ ಬಾಯಿಯ ಹತ್ತಿರ ತಂದ. ಮತ್ತೆ ಪಟ ನೋಡಿದ. ಒಂದು ಸಾಲು, ಇನ್ನೊಂದು ಸಾಲು.

“ಎಡಗೈಲೆ ಉಣ್ಣೂ ಲಗ್ನ ಎಲ್ಲೆರ ಉಂಟೇನು, ಮೌಲಾಸಾಬ?” ಎಂದೆ.

ಅವನು ಜಿನ್ನಪ್ಪನ ಕಡೆ ತಿರುಗಿದ. ಜಿನ್ನಪ್ಪ ನನ್ನ ತೋಳು ಬಿಟ್ಟು ತಾನೇ ಹೋಗಿ ಯಂತ್ರದ ಕೇಬಲ್ಲು ಎತ್ತಿಕೊಂಡ. ಅಲ್ಲಿಗೆ ವಾದ ಮುಗಿಯಿತು. ಯಂತ್ರವನ್ನು ಪಶ್ಚಿಮಕ್ಕೆ ಎಳೆದೊಯ್ಯುವಷ್ಟರಲ್ಲಿ ಬಡಿತ ಪೂರ್ತಿ ನಿಂತಿತು. ಮಗಳ ಪೈಪಿಗೆ ಕಿವಿಯಿಟ್ಟು ನಾನು ನೆಲದ ಮೇಲೆ ಮಲಗಿದೆ. ಆಗ ನನ್ನ ತಲೆಯಲ್ಲಿ ಏನೇನು ಓಡಿತೆಂದು ಬರೆಯುವುದಿಲ್ಲ. ನಾನು ಸಹಿ ಹಾಕಿದ ಗೋಡೆಗಳೆಲ್ಲ ನಿಜವೇ ಎಂದು ಜೀವಮಾನದಲ್ಲಿ ಮೊದಲ ಸಲ ಕೇಳಿಕೊಂಡೆ.

ಮೊನೆ ನೆಲಕ್ಕಿಳಿಯಿತು. ಮೇಲಿನ ಫರಸಿಕಲ್ಲು ಹೋಯಿತು, ಗಾರೆ ಹೋಯಿತು. ಕಾಂಕ್ರೀಟು ಸಿಕ್ಕರೆ ಯಂತ್ರದ ಸದ್ದು ಕೀರಲಾಗುತ್ತದೆ, ಎಲ್ಲರೂ ಆ ಸದ್ದಿಗೇ ಕಾಯುತ್ತಿದ್ದೆವು. ಆಗಲಿಲ್ಲ. ಕೆಂಪು ಪುಡಿ ಮೇಲೆ ಬಂತು. ಮೌಲಾಸಾಬ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ ನನ್ನತ್ತ ಕೈ ಎತ್ತಿ ತೋರಿಸಿದ. ಇಟ್ಟಿಗೆ.

ಮೊದಲು ಮಕ್ಕಳು ಬಂದರು, ಆಮೇಲೆ ಮುದುಕರು. ಇಬ್ಬರಿಗೆ ಕಾಲು ಮುರಿದಿದೆ, ಉಳಿದವರಿಗೆ ಗಾಳಿಯಿಲ್ಲದೆ ಮಂಪರು. ಒಬ್ಬ ಅಜ್ಜ ಚೌಕಾಬಾರದ ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದ, ಗೆಲ್ಲುತ್ತಿದ್ದನಂತೆ. ಒಬ್ಬೊಬ್ಬರು ಬಂದಾಗಲೂ ನಾನು ಅವರ ಹಿಂದೆ ನೋಡುತ್ತಿದ್ದೆ. ಕಾವಲುಗಿತ್ತಿ ಕೊನೆಗೆ ಬರಬೇಕು ಎಂಬ ಕಟ್ಟಳೆಯನ್ನು ಮಾಡಿದವರಿಗೆ ಮಕ್ಕಳಿರಲಿಲ್ಲ ಎಂದು ಕಾಣುತ್ತದೆ. ಬಡಿದು ಬಡಿದು ಕೈ ಬಾತು, ಸುಮ್ಮನೆ ಗೋಡೆಗೊರಗಿಬಿಟ್ಟಿದ್ದಳಂತೆ. ಓಣಿಯ ಜನರೆಲ್ಲ ಹೊರಬಂದು, ಇನ್ನು ಯಾರೂ ಇಲ್ಲ ಎನ್ನುವಾಗ, ಆ ಕೆಂಪು ಮಣ್ಣಿನ ಮೆಟ್ಟಿಲನ್ನು ತೆವಳಿಕೊಂಡು ಏರಿ ಕಸ್ತೂರಿ ಬಂದಳು. ನನ್ನನ್ನು ನೋಡಿ ಅಳಲಿಲ್ಲ.

“ಅವ್ವಾ, ಹಸಿವಾಗೇತಿ,” ಎಂದಳು.

ನನ್ನ ಪಾಲಿನ ನೀರಿನಲ್ಲಿ ಕೈ ತೊಳೆದುಕೊಂಡೆ. ನಮ್ಮಲ್ಲಿ ಅದು ತಪ್ಪು. ನೋಡಿದವರು ಯಾರೂ ತಡೆಯಲಿಲ್ಲ. ನುಚ್ಚು ಮಜ್ಜಿಗೆ ಕಲಸಿ, ಚಮಚ ಬದಿಗಿಟ್ಟು, ನಿಮ್ಮ ಹಾಗೆ ಬಲಗೈಯಲ್ಲಿ ತುತ್ತು ಮಾಡಿ ಬಾಯಿಗಿಟ್ಟೆ. ತುತ್ತು ಮಾಡಲು ನನಗೆ ಬರಲಿಲ್ಲ, ಅರ್ಧ ಅವಳ ಗಲ್ಲದ ಮೇಲೆ ಸುರಿಯಿತು. ನಕ್ಕಳು. ಆಗ ನಾನು ಅತ್ತೆ.

ಈಗ ಆ ಬಾಗಿಲನ್ನು ಬಿಳಿ ಮಾಡಿದ್ದೇನೆ. ಮರುಮನೆಯ ಉಳಿದದ್ದೆಲ್ಲ ಪದ್ಧತಿಯಂತಿದೆ, ಒಂದನ್ನು ಬಿಟ್ಟು. ಜನರನ್ನು ಅಳಿಸಿಲ್ಲ. ಪಂಕ್ತಿ ಕೂತೇ ಇದೆ, ಮುದುಕ ಲೋಟ ಎತ್ತಿದ್ದಾನೆ, ಬಕೆಟ್ಟಿನವನು ಇಳಿಯುತ್ತಿದ್ದಾನೆ. ಈಗ ಎಲ್ಲರೂ ಬಲಗೈಯಲ್ಲಿ ಉಣ್ಣುತ್ತಿದ್ದಾರೆ. ಹಿರಿಯರು ಒಪ್ಪದಿದ್ದರೆ ಅವರ ಜೊತೆ ಜಗಳಕ್ಕೆ ನಾನು ಸಿದ್ಧಳಿದ್ದೇನೆ, ತಂಪುಮನೆಯ ಅತ್ತೆಯಂದಿರಿಂದ ಕಲಿತ ವಿದ್ಯೆ ಕೈಯಲ್ಲಿದೆ.

ಕೊನೆಯದಾಗಿ ಒಂದು ಬೇಡಿಕೆ. ಇದು ನಿಮಗೆ ತಲುಪುವುದಿಲ್ಲ ಎಂದು ಗೊತ್ತು, ಆದರೂ ಕೇಳುವುದು ಕಟ್ಟಳೆ, ಇವತ್ತಿನಿಂದ ನನಗೆ ಕಟ್ಟಳೆಯ ಮೇಲೆ ನಂಬಿಕೆ ಬಂದಿದೆ. ಅಕ್ಕ, ಮುಂದೆ ಎಲ್ಲಿಯಾದರೂ ಫೋನು ಹಿಡಿದು ನಿಂತಾಗ, ಒಂದು ಸಲ ಹಿಂದಕ್ಕೂ ತಿರುಗಿ ತೆಗೆಯಿರಿ. ಹಿಂದಿನ ಮೆಟ್ಟಿಲು, ನೀರಿನ ಪೈಪು, ಅಡುಗೆಯವರು ಬರುವ ಬಾಗಿಲು. ಚೆಂದವಿಲ್ಲದ್ದನ್ನು ಯಾರೂ ತೆಗೆಯುವುದಿಲ್ಲ, ನಮಗೆ ಬೇಕಾಗುವುದು ಅದೇ. ಆದರೆ ಚೆನ್ನಾಗಿ ಕಾಣಲಿ ಎಂದು ಜನರನ್ನು ಮಾತ್ರ ಆಚೆ ಸರಿಸಬೇಡಿ. ಅಡ್ಡ ಬಂದರೆ ಬರಲಿ.

ನೀವು ಅವತ್ತು ಉಣ್ಣುವವರನ್ನು ಏಳಿಸದೆ ಪಟ ತೆಗೆದಿರಿ. ಅದಕ್ಕೆ ನನ್ನ ಮಗಳು ಇವತ್ತು ಉಂಡು ಮಲಗಿದ್ದಾಳೆ.

ಇಂತಿ,
ಫಕ್ಕೀರವ್ವ ಬಡಿಗೇರ
ಮರುಮನೆ ಕಟ್ಟುವವಳು